ಬಯಲುಸೀಮೆಯ ಕಥೆಗೆ ಎಷ್ಟು ಮಂದಿ ಬೇಕು?



ಈ ಹೊತ್ತು ಒಂದು ಇಂಗ್ಲಿಷ್ ಧಾರಾವಾಹಿಯ ನೆಪ ಮಾಡಿಕೊಂಡು ನಮ್ಮ ಸೀಮೆಯ ಮಾತು ಆಡಬೇಕೆಂದಿದ್ದೇನೆ. ಧಾರಾವಾಹಿಯ ಹೆಸರು 'ಅಮೆರಿಕನ್ ಪ್ರೈಮೀವಲ್'. 2025ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಇರುವುದು ಆರೇ ಕಂತು. ಬರೆದವರು ಮಾರ್ಕ್ ಎಲ್. ಸ್ಮಿತ್, ನಿರ್ದೇಶಿಸಿದವರು ಪೀಟರ್ ಬರ್ಗ್. ಅದರಲ್ಲಿ ರಕ್ತಪಾತ ಬಹಳ. ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಲಬುರಗಿಯ ಸೆರಗಿಗೇ ಇರುವ ನಮ್ಮ ಶರಣಸಿರಸಗಿಯಂಥ ಊರಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎನ್ನಬೇಡಿ. ಕಾಲೇಜು ಹುಡುಗರು ನೋಡುತ್ತಾರೆ. ಒಂದು ಮೊಬೈಲಿಗೆ ನಾಲ್ಕು ತಲೆ ಬಗ್ಗಿಸಿ ಕಟ್ಟೆಯ ಮೇಲೆ ಕೂತಿದ್ದ ಹುಡುಗರನ್ನು ಹಿರಿಯರೊಬ್ಬರು ಕೇಳಿದರು: "ಏನ್ರೋ ಅದು, ಬರೀ ಕುದ್ರಿ ಓಡಲಾಕತ್ತಾವಲ್ಲ. ಇದ್ರಾಗ ಹೀರೋ ಯಾರು?" ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ, "ಹಂಗ ಒಬ್ಬ ಅಂತ ಇಲ್ಲ ಮುತ್ಯಾ, ಮಂದಿ ಭಾಳ ಅದಾರ" ಅಂದ. ಮುತ್ಯಾಗೆ ಸಮಾಧಾನವಾಗಲಿಲ್ಲ. ನನಗೆ ಮಾತ್ರ ಆ ಹುಡುಗನ ಉತ್ತರ ಸರಿ ಕಂಡಿತು. ಮಂದಿ ಬಹಳ ಇರುವುದೇ ಈ ಬಗೆಯ ಕಥೆಯ ಶಕ್ತಿ. ಅದು ಹೇಗೆ, ಅದರಿಂದ ನಮಗೇನು ಎಂಬುದೇ ಇವತ್ತಿನ ಮಾತು.

ಅಮೆರಿಕದ ಪಶ್ಚಿಮ ಭಾಗದಲ್ಲಿ, ಹತ್ತೊಂಬತ್ತನೇ ಶತಮಾನದಲ್ಲಿ ನಡೆಯುವ ಕಥೆಗಳಿಗೆ ಅಲ್ಲಿಯವರು ವೆಸ್ಟರ್ನ್ ಅನ್ನುತ್ತಾರೆ. ನಮ್ಮಲ್ಲಿ ಟೂರಿಂಗ್ ಟಾಕೀಸುಗಳ ಕಾಲದ ಮಂದಿ 'ಕೌಬಾಯ್ ಪಿಕ್ಚರ್' ಅನ್ನುತ್ತಿದ್ದರು. ಅಗಲ ಅಂಚಿನ ಟೊಪ್ಪಿಗೆ, ಸೊಂಟಕ್ಕೆ ಪಿಸ್ತೂಲು, ಕೆಳಗೆ ಕುದುರೆ. ಇಷ್ಟಿದ್ದರೆ ಆಯಿತು ಎಂದು ನಾವು ತಿಳಿದಿದ್ದೆವು. ಅವು ಮೇಲಿನ ವೇಷ. ಒಳಗಿನ ಪ್ರಶ್ನೆಗಳು ಬೇರೆ. ಕಣ್ಣು ಹಾಯಿಸಿದಷ್ಟೂ ನೆಲ ಇದೆ, ಅದು ಯಾರದು? ನೀರು ಇರುವ ಜಾಗ ಯಾರ ಕೈಯಲ್ಲಿ? ಸರ್ಕಾರ ಇನ್ನೂ ಬಂದಿಲ್ಲ, ಅಥವಾ ಈಗಷ್ಟೇ ಬರುತ್ತಿದೆ. ಬಂದ ಮೇಲೆ ಮೊದಲಿದ್ದವರ ಗತಿ ಏನು? ಎರೆಹೊಲದ ನಡುವೆ ನಿಂತು ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯವರಿಗೆ ಈ ಪ್ರಶ್ನೆಗಳು ಪರದೇಶದವಲ್ಲ.

'ಅಮೆರಿಕನ್ ಪ್ರೈಮೀವಲ್' ನಡೆಯುವುದು 1857ರಲ್ಲಿ, ಯೂಟಾ ಎಂಬ ಪ್ರಾಂತದಲ್ಲಿ. ಅಲ್ಲಿಗೆ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ಬೇರೆ ಕಡೆ ಕಿರುಕುಳ ತಾಳಲಾರದೆ ಬಂದು ನೆಲೆಸಿದ್ದರು. ಅವರ ಮುಖಂಡ ಬ್ರಿಗಮ್ ಯಂಗ್. ಅವರನ್ನು ಹದ್ದಿನಲ್ಲಿಡಲು ಅಮೆರಿಕ ಸರ್ಕಾರದ ಸೇನೆ ಹೊರಟಿದೆ. ಇವರಿಬ್ಬರಿಗೂ ಮೊದಲು, ಸಾವಿರಾರು ವರ್ಷಗಳಿಂದ ಅಲ್ಲಿರುವವರು ಶೋಶೋನಿ, ಪಾಯೂಟ್ ಮೊದಲಾದ ಮೂಲನಿವಾಸಿಗಳು. ಇವರೆಲ್ಲರ ನಡುವೆ, ಕ್ಯಾಲಿಫೋರ್ನಿಯಾದಲ್ಲಿ ಬದುಕು ಕಟ್ಟಿಕೊಳ್ಳಲು ಎತ್ತಿನ ಬಂಡಿಗಳಲ್ಲಿ ಸಂಸಾರ ಹೇರಿಕೊಂಡು ಹೊರಟ ವಲಸೆಗಾರರು. ಆ ವರ್ಷ ಸೆಪ್ಟೆಂಬರ್ 11ರಂದು ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ ಮಾರ್ಮನ್ ದಳದವರು ಇಂಥ ಸುಮಾರು 120 ವಲಸೆಗಾರರನ್ನು ಕೊಂದರು. ಇದು ನಡೆದ ಇತಿಹಾಸ. ಧಾರಾವಾಹಿಯ ಕಥೆ ಸುತ್ತುವುದು ಈ ಘಟನೆಯ ಸುತ್ತ.

ಪಾತ್ರಗಳನ್ನು ನೋಡಿ. ಮಗನನ್ನು ಕರೆದುಕೊಂಡು, ಹಿಂದಿನದನ್ನು ಮುಚ್ಚಿಟ್ಟು ಓಡುತ್ತಿರುವ ಸಾರಾ ಎಂಬ ತಾಯಿ. ಮಾಡಿದವರು ಬೆಟ್ಟಿ ಗಿಲ್ಪಿನ್. ಶೋಶೋನಿ ಜನರ ನಡುವೆ ಬೆಳೆದ ಬಿಳಿಯ, ಹೆಂಡತಿ ಮಗನನ್ನು ಕಳೆದುಕೊಂಡು ಒಂಟಿಯಾದ ಐಸಾಕ್. ಮಾಡಿದವರು ಟೇಲರ್ ಕಿಚ್. ಮಾತೇ ಆಡದ ಹುಡುಗಿ ಟೂ ಮೂನ್ಸ್; ಶಾನಿ ಪೂರಿಯರ್ ಎಂಬ ಮೂಲನಿವಾಸಿ ಕಲಾವಿದೆ ಒಂದು ಮಾತಿಲ್ಲದೆ ಬರೀ ಕಣ್ಣಿನಲ್ಲಿ ಆ ಪಾತ್ರ ನಡೆಸುತ್ತಾಳೆ. ಹೊಸದಾಗಿ ಮದುವೆಯಾದ ಮಾರ್ಮನ್ ದಂಪತಿ. ಹೆಂಡತಿ ಶೋಶೋನಿಗಳ ಕೈಗೆ ಸಿಕ್ಕು ಅವರ ಕಷ್ಟ ಅರಿಯುತ್ತಾಳೆ, ಗಂಡ ಅವಳನ್ನು ಹುಡುಕುತ್ತಾ ಕ್ರೂರಿಯಾಗುತ್ತಾ ಹೋಗುತ್ತಾನೆ. ಹೊಡೆದೇ ತೀರಬೇಕೆನ್ನುವ ರೆಡ್ ಫೆದರ್ ಎಂಬ ಯುವ ಯೋಧ. ಮಿತವಾಗಿ ಮಾತಾಡಿ ಮಹಾ ಭಯ ಹುಟ್ಟಿಸುವ ಬ್ರಿಗಮ್ ಯಂಗ್. ಆ ಪಾತ್ರ ಕಿಮ್ ಕೋಟ್ಸ್ ಅವರದು.

ಇವರಲ್ಲಿ ನನಗೆ ಬಹಳ ಹಿಡಿಸಿದ್ದು ಶೇ ವಿಗಮ್ ಮಾಡಿರುವ ಜಿಮ್ ಬ್ರಿಜರ್. ಇವನೂ ಇತಿಹಾಸದಲ್ಲಿ ಇದ್ದ ಮನುಷ್ಯ. ದಾರಿಯ ನಡುವೆ ಮರದ ದಿಮ್ಮಿಗಳ ಕೋಟೆ ಕಟ್ಟಿಕೊಂಡು ಅಂಗಡಿ ಇಟ್ಟವನು. ಅಲ್ಲಿಗೆ ಎಲ್ಲರೂ ಬರಲೇಬೇಕು. ವಲಸೆಗಾರರಿಗೆ ಹಿಟ್ಟು ಬೇಕು, ಸೈನಿಕರಿಗೆ ಹೆಂಡ ಬೇಕು, ಬೇಟೆಗಾರರಿಗೆ ತೊಗಲು ಮಾರಬೇಕು, ಮಾರ್ಮನ್ನರಿಗೆ ಆ ಕೋಟೆಯೇ ಬೇಕು. ಯಾರ ಪಕ್ಷವನ್ನೂ ವಹಿಸದೆ ಎಲ್ಲರಿಂದಲೂ ಕಾಸು ಎಣಿಸಿಕೊಳ್ಳುವ ಈ ಮನುಷ್ಯ, ಮುಂದೆ ಏನಾಗುತ್ತದೆ ಎಂಬುದನ್ನು ಎಲ್ಲರಿಗಿಂತ ಮೊದಲು ಕಂಡಿರುತ್ತಾನೆ. ಅವನು ಕುದುರೆ ಏರಿ ಯಾರನ್ನೂ ಬೆನ್ನಟ್ಟುವುದಿಲ್ಲ. ಕೋಟೆಯ ಬಾಗಿಲಲ್ಲಿ ನಿಂತು ಬಂದವರನ್ನು ಅಳೆಯುತ್ತಾನೆ, ಅಷ್ಟೇ. ಆದರೂ ಅವನು ಬಂದಾಗಲೆಲ್ಲ ಆ ಇಡೀ ಪ್ರಾಂತ ನಮಗೆ ಅರ್ಥವಾಗುತ್ತದೆ. ಈ ಧಾರಾವಾಹಿಯಲ್ಲಿ ಮುಖ್ಯ ಪಾತ್ರದವರಷ್ಟೇ ಗಟ್ಟಿಯಾಗಿ ನಿಂತವರು ಇಂಥ ಬದಿಯ ಪಾತ್ರದವರು.

ಈ ಕ್ರಮ ಇವತ್ತಿನದಲ್ಲ. 1939ರಲ್ಲಿ ಜಾನ್ ಫೋರ್ಡ್ 'ಸ್ಟೇಜ್‌ಕೋಚ್' ಸಿನಿಮಾ ಮಾಡಿದಾಗಲೇ ಒಂದು ಕುದುರೆಗಾಡಿಯೊಳಗೆ ಕುಡುಕ ಡಾಕ್ಟರು, ಜೂಜುಗಾರ, ಊರು ಬಿಡಿಸಿಕೊಂಡ ಹೆಣ್ಣು, ತುಂಬು ಗರ್ಭಿಣಿ, ಹಣ ಕದ್ದ ಬ್ಯಾಂಕಿನವ, ಜೈಲಿನಿಂದ ತಪ್ಪಿಸಿಕೊಂಡವ ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದ. ಆದರೆ ಎರಡು ತಾಸಿನ ಸಿನಿಮಾ ಕೊನೆಗೆ ಒಬ್ಬ ನಾಯಕನ ಕಡೆ ವಾಲಲೇಬೇಕು. ವಾರವಾರವೂ ಬರುವ ಧಾರಾವಾಹಿಗೆ ಆ ಅವಸರವಿಲ್ಲ. ಅದಕ್ಕೆ ಒಂದು ಊರೇ ಬೇಕು.

ಇಲ್ಲಿ ರೇಡಿಯೋದವರು ಹೆಮ್ಮೆ ಪಡುವ ಒಂದು ಸಂಗತಿ ಇದೆ. ಅಮೆರಿಕದ ಟಿ.ವಿ.ಯಲ್ಲಿ ಬಹುಕಾಲ ನಡೆದ ವೆಸ್ಟರ್ನ್ ಧಾರಾವಾಹಿ 'ಗನ್‌ಸ್ಮೋಕ್'. 1955ರಿಂದ 1975ರವರೆಗೆ ಇಪ್ಪತ್ತು ವರ್ಷ, 635 ಕಂತು. ಅದು ಹುಟ್ಟಿದ್ದು ಟಿ.ವಿ.ಯಲ್ಲಲ್ಲ, ರೇಡಿಯೋದಲ್ಲಿ. 1952ರಲ್ಲಿ ಸಿ.ಬಿ.ಎಸ್. ಬಾನುಲಿ ಜಾಲದಲ್ಲಿ ನಾಟಕಮಾಲೆಯಾಗಿ ಶುರುವಾಯಿತು. ಕ್ಯಾನ್ಸಸ್‌ನ ಡಾಜ್ ಸಿಟಿ ಎಂಬ ಊರು. ಅಲ್ಲಿಯ ಪೊಲೀಸು ಮುಖ್ಯಸ್ಥ ಮ್ಯಾಟ್ ಡಿಲನ್, ಅವನ ಸಹಾಯಕ ಚೆಸ್ಟರ್, ಗೊಣಗುವ ಡಾಕ್ಟರು, ಹೆಂಡದಂಗಡಿಯ ಕಿಟ್ಟಿ. ರೇಡಿಯೋದಲ್ಲಿ ಡಿಲನ್‌ನ ದನಿ ವಿಲಿಯಮ್ ಕಾನ್ರಾಡ್ ಅವರದು. ದನಿ ಎಷ್ಟು ಘನವೋ ದೇಹವೂ ಅಷ್ಟೇ ಘನ. ಟಿ.ವಿ.ಗೆ ಹೋಗುವಾಗ ಆರಡಿ ಮೀರಿದ ಜೇಮ್ಸ್ ಆರ್ನೆಸ್ ಬಂದರು, ಕಾನ್ರಾಡ್ ರೇಡಿಯೋದಲ್ಲೇ ಉಳಿದರು. ಮರದ ಹಲಗೆಯ ಮೇಲೆ ಬೂಟಿನ ಸದ್ದು, ದೂರದಲ್ಲಿ ಬೊಗಳುವ ನಾಯಿ, ಬಾಗಿಲು ಕಿರುಗುಟ್ಟುವುದು. ಇಷ್ಟರಿಂದಲೇ ಆ ರೇಡಿಯೋ ತಂಡದವರು ಊರು ಕಟ್ಟಿದ್ದರು. 635 ಕಂತಿನ ಕಥೆಯಲ್ಲಿ ಡಿಲನ್ ಸಾಯುವಂತಿಲ್ಲ, ಊರು ಬಿಡುವಂತಿಲ್ಲ. ಕಿಟ್ಟಿಯ ಮೇಲೆ ಪ್ರೀತಿ ಇದ್ದರೂ ಅವಳನ್ನು ಮದುವೆಯಾಗಲಿಲ್ಲ. ಹಾಗಾದರೆ ಕಥೆ ಎಲ್ಲಿ ನಡೆಯಬೇಕು? ಡಾಕ್ಟರರ ಕೋಣೆಯಲ್ಲಿ, ಕಿಟ್ಟಿಯ ಅಂಗಡಿಯಲ್ಲಿ, ಆ ವಾರ ಊರಿಗೆ ಬಂದ ಹೊಸಬರ ಬದುಕಿನಲ್ಲಿ. ನಾಯಕ ಕಂಬ, ಬಳ್ಳಿ ಹಬ್ಬುವುದು ಉಳಿದವರಿಂದ.

ನಮ್ಮ ಮಂದಿ ಈ ಬಗೆಯ ಕಥೆಯ ರುಚಿ ಕಂಡದ್ದು 'ಶೋಲೆ'ಯಿಂದ. ಕುರೊಸಾವನ ಜಪಾನಿ ಸಿನಿಮಾ 'ಸೆವೆನ್ ಸಮುರಾಯ್' 1954ರಲ್ಲಿ ಬಂತು. 1960ರಲ್ಲಿ ಹಾಲಿವುಡ್ ಅದನ್ನು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಂಬ ವೆಸ್ಟರ್ನ್ ಮಾಡಿತು. ಇವೆಲ್ಲದರ ನೆರಳು ಬಿದ್ದು, ನಮ್ಮ ರಾಮನಗರದ ಬಂಡೆಗಳ ನಡುವೆ 'ಶೋಲೆ'ಯ ಊರು ರಾಮಗಢ ಎದ್ದಿತು. 'ಶೋಲೆ' ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಅದರ ಸಂಭಾಷಣೆಯ ಗ್ರಾಮಫೋನ್ ರೆಕಾರ್ಡುಗಳೇ ಬೇರೆಯಾಗಿ ಬಂದವು. ಸಿನಿಮಾ ನೋಡದವರಿಗೂ ಮದುವೆಮನೆ, ಜಾತ್ರೆಯ ಧ್ವನಿವರ್ಧಕಗಳಲ್ಲಿ ಮಾತು ಬಾಯಿಪಾಠವಾಯಿತು. ಹಾಗೆ ಬಾಯಿಪಾಠ ಆದವರು ಇಬ್ಬರು ನಾಯಕರಷ್ಟೇ ಅಲ್ಲ. ಗಬ್ಬರ್ ಇದ್ದ, ಕಾಲಿಯಾ ಇದ್ದ, ಜೈಲರ್ ಇದ್ದ, ಸೂರ್ಮಾ ಭೋಪಾಲಿ ಇದ್ದ, ಕುರುಡು ಇಮಾಮ್ ಸಾಹೇಬರಿದ್ದರು. ಬಂಡೆಯ ಮೇಲೆ ಬಂದೂಕು ಹಿಡಿದು ಕೂತು ಮಾತೇ ಆಡದಂತಿದ್ದ ಸಾಂಬನನ್ನು ಐವತ್ತು ವರ್ಷವಾದರೂ ಮಂದಿ ಮರೆತಿಲ್ಲ. ಪಾತ್ರ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ಜಾಗ ಮತ್ತು ಒಂದು ಕೆಲಸ ಕೊಟ್ಟರೆ ಅದು ನಿಲ್ಲುತ್ತದೆ.

ಆ 1975ರ ಆಗಸ್ಟ್ ತಿಂಗಳು ನಮ್ಮ ಜಿಲ್ಲೆಗೂ ವಿಶೇಷ. ತಿಂಗಳ ಒಂದನೇ ತಾರೀಖು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ 'ಸೈಟ್' ಪ್ರಯೋಗ ಆರಂಭವಾಯಿತು. ದೇಶದ ಆರು ರಾಜ್ಯಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಿಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಮಂದಿ ಶಾಲೆಯ ಅಂಗಳದಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ಒಟ್ಟಾಗಿ ಕೂತು ಕನ್ನಡದ ಕಾರ್ಯಕ್ರಮ ನೋಡಿದ್ದರು. ಒಕ್ಕಲುತನ, ಆರೋಗ್ಯ, ಶಾಲೆ ಇವೇ ಆ ಕಾರ್ಯಕ್ರಮಗಳ ಹೆಚ್ಚಿನ ವಿಷಯ. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. ಟಿ.ವಿ. ಎಂದರೆ ಊರು ಒಟ್ಟಾಗಿ ನೋಡುವುದು ಎಂಬ ಅನುಭವ ನಮಗೆ ಮೊದಲಿನಿಂದಲೇ ಇತ್ತು ಎಂಬುದನ್ನು ಮಾತ್ರ ನೆನಪಿಸಿದೆ.

ಕನ್ನಡದಲ್ಲಿ ಈ ಬಗೆಯ ಕಥೆ ಹೇಳುವ ಪ್ರಯತ್ನ ನಡೆದಿಲ್ಲವೆಂದಲ್ಲ. 1978ರಲ್ಲಿ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಸಿನಿಮಾ ಮಾಡಿದರು. ಕುರೊಸಾವನ ಕತ್ತಿವರಸೆಯ ಸಿನಿಮಾಗಳ ದಾರಿಯಲ್ಲಿ, ಹೊಯ್ಸಳರ ಕಾಲದ ಕೂಲಿಯೋಧರ ಕಥೆ. ಗಂಡುಗಲಿಯಾಗಿ ಶಂಕರನಾಗ್, ಅವನಿಗೆ ಸರಿಸಾಟಿಯಾಗಿ ಸುಂದರಕೃಷ್ಣ ಅರಸ್. ಮೊದಲ ಸಿನಿಮಾಕ್ಕೇ ಶಂಕರನಾಗ್ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಅನಿಸಿಕೊಂಡರು. ಅದೇ ಶಂಕರನಾಗ್ ಎಂಬತ್ತರ ದಶಕದಲ್ಲಿ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದಾಗ ಕತ್ತಿ, ಕುದುರೆ ಒಂದೂ ಇರಲಿಲ್ಲ. ಒಂದು ಊರು ಪೂರ್ತಿ ಇತ್ತು. ಮಾಸ್ಟರ್ ಮಂಜುನಾಥ್, ವೈಶಾಲಿ ಕಾಸರವಳ್ಳಿ, ಗಿರೀಶ ಕಾರ್ನಾಡ್, ಅನಂತನಾಗ್, ಅರುಂಧತಿ ನಾಗ್, ರಮೇಶ್ ಭಟ್ ಇವರೊಂದಿಗೆ ಆಗುಂಬೆಯ ಮಂದಿಯೂ ತೆರೆಯ ಮೇಲೆ ನಡೆದಾಡಿದರು. ಹಿಂದಿಯಲ್ಲಿ ಆ ಧಾರಾವಾಹಿ ಬಂದರೂ ಮುಖಗಳೆಲ್ಲ ನಮ್ಮವು. ಒಬ್ಬ ನಿರ್ದೇಶಕ ಇಡೀ ಊರನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಯೂಟಾದಲ್ಲಿ ಇದೆಲ್ಲ ನಡೆದ 1857ರಲ್ಲೇ ನಮ್ಮ ಸೀಮೆಯಲ್ಲಿ ಏನಾಗುತ್ತಿತ್ತು?

ಆ ವರ್ಷ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬೇಟೆಯ ಮೇಲೆ, ಕಾವಲಿನ ಮೇಲೆ ಬದುಕಿದವರು. ಬಂದೂಕು ಕೊಟ್ಟರೆ ಅನ್ನವೂ ಹೋಯಿತು, ಮಾನವೂ ಹೋಯಿತು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕವರಲ್ಲಿ ಹಲವರನ್ನು ನೇಣಿಗೇರಿಸಿದರು. ಆ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಮುಂದೆ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹೊಡೆದವರ ಕಾಗದದಲ್ಲೇ ಹೊಡೆಸಿಕೊಂಡವರ ಹಾಡು ಉಳಿಯಿತು.

ಹಲಗಲಿಯ ನಂತರ ಸುರಪುರ. ಈಗ ಅದು ಯಾದಗಿರಿ ಜಿಲ್ಲೆಗೆ ಸೇರಿದೆ. 2009ರ ಕೊನೆಯವರೆಗೆ ನಮ್ಮ ಕಲಬುರಗಿ ಜಿಲ್ಲೆಯದೇ. ಔರಂಗಜೇಬನ ಕೊನೆಯ ದೊಡ್ಡ ಮುತ್ತಿಗೆ 1705ರಲ್ಲಿ ನಡೆದದ್ದು ಸುರಪುರವನ್ನು ಆಳಿದ ನಾಯಕರ ವಾಗಣಗೇರಿ ಕೋಟೆಯ ಮೇಲೆ. ಅಂಥ ಮನೆತನದಲ್ಲಿ 1841ರ ಹೊತ್ತಿಗೆ ಗದ್ದುಗೆಯ ಜಗಳ. ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಪಿಡ್ಡನಾಯಕ, ನಡುವೆ ಎಳೆಯ ಹುಡುಗ ವೆಂಕಟಪ್ಪನಾಯಕ. ವ್ಯವಸ್ಥೆ ನೋಡಲು ಬಂದವನು ಫಿಲಿಪ್ ಮೆಡೋಸ್ ಟೇಲರ್. ಹದಿನೈದನೇ ವಯಸ್ಸಿಗೆ ಇಂಡಿಯಾಕ್ಕೆ ಬಂದು ನಿಜಾಮನ ಸೇನೆ ಸೇರಿದ ಇಂಗ್ಲಿಷಿನವ; 1839ರಲ್ಲೇ ಠಕ್ಕರ ಮೇಲೆ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದವ. 1853ರವರೆಗೆ ಅವನು ಸುರಪುರದ ಆಡಳಿತ ನೋಡಿದ. ಅವನಿದ್ದ ಬಂಗಲೆಗೆ ಇವತ್ತಿಗೂ ಟೇಲರ್ ಮಂಜಿಲ್ ಎಂದೇ ಹೆಸರು. ಹುಡುಗ ರಾಜ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಟೇಲರ್ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾನೆ. ರಾಣಿ ಕಾಯಿಲೆ ಬಿದ್ದು, ಇನ್ನು ಉಳಿಯುವುದಿಲ್ಲವೆಂದು ಅವನನ್ನು ಕರೆಸಿದಳು. ಶಾಸ್ತ್ರಿಗಳ ಸಮಕ್ಷಮ ಮಗನ ಜಾತಕದ ಗುಟ್ಟು ಬಿಚ್ಚಿದಳು: ಇಪ್ಪತ್ತನಾಲ್ಕನೇ ವರ್ಷದಲ್ಲಿ ಮಗನಿಗೆ ಸಾವು. ಟೇಲರ್ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ. 1858ರ ಫೆಬ್ರುವರಿಯಲ್ಲಿ ಸುರಪುರದ ಬೇಡ ಪಡೆ ಇಂಗ್ಲಿಷರ ದಂಡಿನ ಮೇಲೆ ಬಿತ್ತು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ರಾಜ ಹೈದರಾಬಾದಿಗೆ ಹೋಗಿ ಸೆರೆ ಸಿಕ್ಕ. ಸೆರೆಮನೆಗೆ ಹೋಗಿ ಟೇಲರ್ ಅವನನ್ನು ಕಂಡ. ಮರಣದಂಡನೆ ಕಡಿಮೆಯಾಗಿ, ಕೊನೆಗೆ ಮದರಾಸಿನ ಕಡೆಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಇರಬೇಕು ಎಂಬಲ್ಲಿಗೆ ಬಂತು. ಅಲ್ಲಿಗೆ ಹೋಗುವ ದಾರಿಯಲ್ಲಿ, ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದ. ಕೊಂದರು ಎನ್ನುವವರು ಸುರಪುರದಲ್ಲಿ ಇದ್ದೇ ಇದ್ದಾರೆ. 1860ರಲ್ಲಿ ಇಂಗ್ಲಿಷರು ಆ ಸಂಸ್ಥಾನವನ್ನು ನಿಜಾಮನಿಗೆ ಉಡುಗೊರೆ ಕೊಟ್ಟರು.

ಕೇಳುಗರೆ, ಈ ಕಥೆಯಲ್ಲಿ ಏನಿಲ್ಲ? ಬಯಲಿದೆ, ಬೆಟ್ಟವಿದೆ, ಕುದುರೆ ಬಂದೂಕು ಇವೆ, ತಂದೆಯಂಥವನ ಮೇಲಿನ ನಂಬಿಕೆ ಇದೆ, ಇಬ್ಬಗೆಯ ಸಾವಿದೆ. ಅಮೆರಿಕದವರ ಕಥೆಗೂ ನಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸವೂ ಇದೆ. ಅಲ್ಲಿಯ ಹಳೆಯ ವೆಸ್ಟರ್ನ್‌ಗಳಲ್ಲಿ ಕಾನೂನು ಬರುವುದೆಂದರೆ ಒಳ್ಳೆಯ ದಿನ ಬಂದಂತೆ. ಹಲಗಲಿಯಲ್ಲಿ, ಸುರಪುರದಲ್ಲಿ ಕಾನೂನು ಬಂದದ್ದು ಆಯುಧ ಕಸಿಯಲು, ಗದ್ದುಗೆ ಕಸಿಯಲು. ನಾವು ವೆಸ್ಟರ್ನ್ ಮಾಡಿದರೆ ಟೊಪ್ಪಿಗೆಯವನ ಹಿಂದೆ ಕ್ಯಾಮೆರಾ ಇಡಲಾಗದು. ಶೋಶೋನಿಗಳ ಕಡೆ ನಿಂತೇ ನೋಡಬೇಕು. ಅದೇ ಶೋಶೋನಿಗಳನ್ನು 1863ರ ಜನವರಿಯಲ್ಲಿ ಬೇರ್ ರಿವರ್ ದಂಡೆಯಲ್ಲಿ ಅಮೆರಿಕದ ಸೈನಿಕರು ನೂರಾರು ಸಂಖ್ಯೆಯಲ್ಲಿ ಕೊಂದರು.

ಹಾಗೆಂದು ರಾಜನೊಬ್ಬನನ್ನು ನಾಯಕ ಮಾಡಿ ಕುದುರೆಯ ಮೇಲೆ ಕೂರಿಸಿ ಜೈಕಾರ ಹಾಕಿಸಿದರೆ ಕಥೆ ಕೆಟ್ಟಿತು. ಸುರಪುರದ ಒಳಗಿನ ವಿವರ ಇಷ್ಟಾದರೂ ನಮಗೆ ತಿಳಿದಿರುವುದು ಹೆಚ್ಚಾಗಿ ಟೇಲರ್ ಬರೆದದ್ದರಿಂದ. ಅವನು ಬರೆಯುವುದು ಚೆನ್ನಾಗಿ, ಮನುಷ್ಯನೂ ಕೆಟ್ಟವನಲ್ಲ. ಆದರೂ ಒಬ್ಬನೇ ಸಾಕ್ಷಿ, ಅವನೂ ಆಳಲು ಬಂದವನು. ಆ ಪುಸ್ತಕವನ್ನೇ ಚಿತ್ರಕಥೆ ಮಾಡಿದರೆ ಟೇಲರನೇ ನಾಯಕನಾಗುತ್ತಾನೆ, ರಾಣಿ ಹಟಮಾರಿಯಾಗಿ, ಬೇಡರು ಗಲಾಟೆಯವರಾಗಿ ಉಳಿಯುತ್ತಾರೆ. ಉಳಿದವರಿಗೂ ಮಾತು ಕೊಟ್ಟರೆ ಮಾತ್ರ ತಕ್ಕಡಿ ಸಮನಾಗುತ್ತದೆ. ಗುಂಪಿನ ಕಥೆ ಬೇಕೆನ್ನುವುದು ಅಂದಕ್ಕಾಗಿ ಮಾತ್ರವಲ್ಲ, ನ್ಯಾಯಕ್ಕಾಗಿ.

ಯಾರೆಲ್ಲ ಬೇಕು, ಎಣಿಸೋಣ. ಪರದೆಯ ಹಿಂದೆ ಕೂತರೂ ದರಬಾರು ನಡೆಸುವ ರಾಣಿ. ತನಗೆ ಮೋಸವಾಯಿತೆಂದು ಕುದಿಯುವ ಪಿಡ್ಡನಾಯಕ. ಸಂಬಳ ಬಾಕಿ ಎಂದು ಗದ್ದಲವೆಬ್ಬಿಸುವ ಕೂಲಿ ಸಿಪಾಯಿಗಳು. ಸಂಸ್ಥಾನಕ್ಕೆ ಸಾಲ ಕೊಟ್ಟು ಲೆಕ್ಕದ ಪುಸ್ತಕ ತೆರೆದು ಕೂತ ಸಾಹುಕಾರ. ಜಿಮ್ ಬ್ರಿಜರನ ಕೋಟೆಯಂತೆ ಎಲ್ಲರೂ ಅವನ ಬಾಗಿಲಿಗೆ ಬರಲೇಬೇಕು. ಜಾತಕದ ಗುಟ್ಟು ಬಲ್ಲ ಶಾಸ್ತ್ರಿ. ಅಮೆರಿಕದ ಕಥೆಯಲ್ಲಿ ವಲಸೆಯ ಬಂಡಿಸಾಲು ಬಂದರೆ, ನಮ್ಮಲ್ಲಿ ಎತ್ತುಗಳ ಮೇಲೆ ಕಾಳು, ಉಪ್ಪು ಹೇರಿಕೊಂಡು ದಖ್ಖನಿನ ದಂಡುಗಳಿಗೆ ಸರಬರಾಜು ಮಾಡುತ್ತಿದ್ದ ಬಂಜಾರರು ಬರಬೇಕು. ನಮ್ಮ ಕಮಲಾಪುರದ ಕಡೆಯ ತಾಂಡಾಗಳ ಹಿರಿಯರಿಗೆ ಆ ನೆನಪಿನ ಹಾಡುಗಳು ಇನ್ನೂ ಬಾಯಲ್ಲಿವೆ. ಇನ್ನು ಬೇಡರ ಮನೆಯ ಹೆಣ್ಣುಮಕ್ಕಳು. ಗಂಡಸರು ಗುಡ್ಡ ಸೇರಿದ ಮೇಲೆ ಸುಡುವ ಊರಲ್ಲಿ ಉಳಿದವರು ಅವರೇ.

ಭಾಷೆಯದೂ ಒಂದು ಮಾತು ಇದೆ. 'ಅಮೆರಿಕನ್ ಪ್ರೈಮೀವಲ್'ನಲ್ಲಿ ಮೂಲನಿವಾಸಿಗಳ ಪಾತ್ರವನ್ನು ಮೂಲನಿವಾಸಿ ಕಲಾವಿದರೇ ಮಾಡಿದ್ದಾರೆ, ತಮ್ಮತಮ್ಮಲ್ಲಿ ಮಾತಾಡುವಾಗ ಅವರದೇ ಭಾಷೆ ಆಡುತ್ತಾರೆ. ಹಿಂದೆ ಹೀಗಿರಲಿಲ್ಲ. 1954ರ 'ಅಪಾಚೆ' ಸಿನಿಮಾದಲ್ಲಿ ಬರ್ಟ್ ಲ್ಯಾಂಕಾಸ್ಟರ್ ಎಂಬ ಬಿಳಿಯ ನಟನೇ ಬಣ್ಣ ಬಳಿದುಕೊಂಡು ಅಪಾಚೆ ಯೋಧನಾಗಿದ್ದ. ನಮ್ಮ ಟಿ.ವಿ.ಯ ಗತಿ ಏನು? ಉತ್ತರ ಕರ್ನಾಟಕದ ಮಾತು ಕೇಳಿಸುವುದು ನಗಿಸುವ ಪಾತ್ರದ ಬಾಯಲ್ಲಿ, ಇಲ್ಲವೇ ಜಗಳಗಂಟನ ಬಾಯಲ್ಲಿ. ಪ್ರೀತಿ ಮಾಡುವಾಗ, ಅಳುವಾಗ, ರಾಜ್ಯದ ವಿಚಾರ ಆಡುವಾಗ ಬೆಂಗಳೂರು ಕನ್ನಡ. ಸುರಪುರದ ಕಥೆಯಲ್ಲಿ ಈ ಆಟ ನಡೆಯದು. ರಾಣಿಯ ದುಃಖವೂ ನಮ್ಮ ಮಾತಿನಲ್ಲೇ ಬರಬೇಕು, ಸಿಪಾಯಿಯ ದಖನಿ ಉರ್ದು ದಖನಿಯಾಗಿಯೇ ಬರಬೇಕು, ತಾಂಡಾದವರು ತಮ್ಮ ಮಾತಾಡಬೇಕು. ಕಲಬುರಗಿ ಪೇಟೆಯಲ್ಲಿ ತಾಸು ನಿಂತರೆ ಇಷ್ಟು ಭಾಷೆಯೂ ಕಿವಿಗೆ ಬೀಳುತ್ತದೆ, ಕಷ್ಟದ ಕೆಲಸವೇನಲ್ಲ.

ಕಲಾವಿದರಿಗೆ ಬರ ಇಲ್ಲ. ಕಲಬುರಗಿ ರಂಗಾಯಣದಲ್ಲಿ ಪಳಗಿದವರಿದ್ದಾರೆ. ಹಳ್ಳಿಹಳ್ಳಿಯಲ್ಲಿ ದೊಡ್ಡಾಟದ ಮೇಳಗಳಿವೆ. ಇವರಿಗೆ ಗುಂಪಿನಲ್ಲಿ ಆಡುವುದು ಹೊಸದಲ್ಲ. ದೊಡ್ಡಾಟದಲ್ಲಿ ಹತ್ತು ಪಾತ್ರ ಬಂದರೆ ಹತ್ತಕ್ಕೂ ಪ್ರವೇಶದ ಕುಣಿತ ಇದೆ, ಸಾರಥಿ ಹತ್ತೂ ಜನರ ಹೆಸರು ಕೇಳಿ ವಿಚಾರಿಸುತ್ತಾನೆ. ಚಿಕ್ಕ ಪಾತ್ರ ಎಂದು ಯಾರನ್ನೂ ಸುಮ್ಮನೆ ಒಳಗೆ ಬಿಡುವುದಿಲ್ಲ. ಉಡುಗೆ ತೊಡುಗೆ ಹೇಗಿತ್ತು ಎಂದು ತಿಳಿಯಲು ಸುರಪುರದ ಗರುಡಾದ್ರಿ ಮನೆತನದವರು ಬಿಡಿಸಿದ ಬಂಗಾರದ ಲೇಪದ ಚಿತ್ರಗಳಿವೆ. ಬೊಂಬಾಯಿಯಲ್ಲಿ ಸಿನಿಮಾ ಪ್ರಚಾರಚಿತ್ರ ಬರೆದು ಹೆಸರಾದ ಎಸ್.ಎಂ. ಪಂಡಿತರು ಇದೇ ಕಲಬುರಗಿಯವರು. ಅವರ ಹೆಸರಿನ ರಂಗಮಂದಿರ ನಮ್ಮ ಊರಲ್ಲೇ ಇದೆ. ಸಿನಿಮಾಕ್ಕೂ ನಮಗೂ ನಂಟಿಲ್ಲವೆನ್ನುವಂತಿಲ್ಲ.

ಒಂದು ಎಚ್ಚರವೂ ಬೇಕು. 'ಅಮೆರಿಕನ್ ಪ್ರೈಮೀವಲ್' ಬಂದ ತಿಂಗಳಲ್ಲೇ ಮಾರ್ಮನ್ ಚರ್ಚು, ಬ್ರಿಗಮ್ ಯಂಗ್‌ನನ್ನು ಬರೀ ಖಳನನ್ನಾಗಿ ತೋರಿಸಿದ್ದಾರೆ ಎಂದು ಹೇಳಿಕೆ ಕೊಟ್ಟಿತು. ಆಕ್ಷೇಪದಲ್ಲಿ ಹುರುಳಿದೆ. ಉಳಿದವರಿಗೆ ಕೊಟ್ಟ ಒಳಮನಸ್ಸನ್ನು ಆ ಪಾತ್ರಕ್ಕೆ ಕೊಟ್ಟಿಲ್ಲ. ಕಿರುಕುಳ ಉಂಡು ಓಡಿಬಂದವರು ತಾವೇ ಕಿರುಕುಳ ಕೊಡುವವರಾದದ್ದು ಹೇಗೆ ಎಂಬ ದೊಡ್ಡ ಕಥೆ ಅಲ್ಲಿ ಅರ್ಧಕ್ಕೇ ನಿಂತಿದೆ. ನಮ್ಮಲ್ಲೂ ಮನೆತನ, ಜಾತಿ, ಊರು ಎಂದು ಮನಸ್ಸು ನೋಯುವ ಜಾಗ ಬಹಳ. ಅದಕ್ಕೆ ಮದ್ದು ಎಲ್ಲರನ್ನೂ ಹೊಗಳುವುದಲ್ಲ. ಕೆಡುಕು ಮಾಡಿದವನಿಗೂ ಅವನ ಕಾರಣವನ್ನು ಅವನ ಬಾಯಿಂದಲೇ ಹೇಳಿಸುವುದು. ಕೇಳಿ ತೀರ್ಮಾನಿಸುವಷ್ಟು ಬುದ್ಧಿ ನಮ್ಮ ಮಂದಿಗಿದೆ.

ಇದಕ್ಕೆಲ್ಲ ಕೋಟಿಗಟ್ಟಲೆ ದುಡ್ಡು ಎಲ್ಲಿಂದ ತರುವುದು ಎಂದರೆ, ನನ್ನ ಉತ್ತರ 'ಗನ್‌ಸ್ಮೋಕ್' ಹುಟ್ಟಿದ ಜಾಗದಲ್ಲೇ ಇದೆ. ರೇಡಿಯೋದಲ್ಲಿ ಕುದುರೆಗೆ ಮೇವು ಹಾಕಬೇಕಿಲ್ಲ. ತೆಂಗಿನ ಕರಟ ಎರಡು ಸಾಕು, ಇಡೀ ಪಡೆ ಓಡಿಸಬಹುದು. ಕೋಟೆ ಕಟ್ಟಬೇಕಿಲ್ಲ, ಬಾಗಿಲಿನ ಸದ್ದು ಸಾಕು. ಬೇಕಾದದ್ದು ದನಿಗಳು, ಒಂದರಂತೆ ಇನ್ನೊಂದಿಲ್ಲದ ಹತ್ತು ದನಿಗಳು. ಕಲಬುರಗಿ ಆಕಾಶವಾಣಿ 1966ರಿಂದ ಈ ಸೀಮೆಯ ದನಿಗಳನ್ನು ಕೂಡಿಸುತ್ತಾ ಬಂದಿದೆ. ಅರ್ಧ ಗಂಟೆಯ ಆರು ಕಂತಿನ ಒಂದು ನಾಟಕಮಾಲೆ ಮೊದಲು ಇಲ್ಲಿ ಆಗಲಿ. ಒಂದೊಂದು ಕಂತು ಒಬ್ಬೊಬ್ಬರ ಕಡೆಯಿಂದ: ಸಾಲ ಕೊಟ್ಟ ಸಾಹುಕಾರನದೊಂದು, ಬಂಜಾರ ನಾಯಕನದೊಂದು, ಬೇಡರ ಹೆಣ್ಣುಮಗಳದೊಂದು, ಶಾಸ್ತ್ರಿಯದೊಂದು, ಟೇಲರನದೂ ಒಂದು ಇರಲಿ. ರಾಜನಿಗೆ ಬೇರೆ ಕಂತು ಬೇಡ. ಎಲ್ಲರ ಕಂತಿನಲ್ಲೂ ಅವನು ಇದ್ದೇ ಇರುತ್ತಾನೆ, ಒಬ್ಬೊಬ್ಬರಿಗೆ ಒಂದೊಂದು ರೀತಿ. ಬರೆಯಬಲ್ಲವರು ಸುರಪುರದಲ್ಲಿ, ಯಾದಗಿರಿಯಲ್ಲಿ, ಕಲಬುರಗಿಯ ಕಾಲೇಜುಗಳಲ್ಲಿ ಇದ್ದಾರೆ. ಇದು ಕೇಳಿಸಿದ್ದರೆ ಇಂದೇ ಶುರು ಮಾಡಲಿ.

ಮೊದಲ ಕಂತು ಮಾತ್ರ ರಾಣಿ ಈಶ್ವರಮ್ಮನದಾಗಬೇಕು. ಟೇಲರನ ಪುಸ್ತಕದಲ್ಲಿ ಅವಳ ಮಾತನ್ನೆಲ್ಲ ಅವನೇ ಇಂಗ್ಲಿಷಿನಲ್ಲಿ ಹೇಳಿದ್ದಾನೆ. ನೂರ ಎಂಬತ್ತು ವರ್ಷವಾದ ಮೇಲಾದರೂ ಅವಳು ಕನ್ನಡದಲ್ಲಿ, ನಮ್ಮ ಸೀಮೆಯ ಕನ್ನಡದಲ್ಲಿ, ತಾನೇ ಮಾತಾಡಲಿ.